ಎರಡನೆಯವರ ಬೆಲೆ: ಸರ್ಕಾರಿ ಖರೀದಿಯಲ್ಲಿ ರಿವರ್ಸ್ ಆಕ್ಷನ್

(ಮಡಿಕೇರಿಯಲ್ಲಿ ಕಚೇರಿಗಳ ಖರೀದಿ ಸಿಬ್ಬಂದಿ ಮತ್ತು ಜಿಲ್ಲೆಯ ಸರಬರಾಜುದಾರರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಅರಣ್ಯ ಇಲಾಖೆಯ ಮರದ ಡಿಪೊದಲ್ಲಿ ಹರಾಜು ನೋಡಿದವರು ಈ ಸಭೆಯಲ್ಲಿ ಸಾಕಷ್ಟು ಜನ ಇದ್ದೀರಿ. ಅಲ್ಲಿ ಮಾರುವವರು ಒಬ್ಬರು, ಕೊಳ್ಳುವವರು ಹತ್ತಾರು ಮಂದಿ, ಕೂಗು ಏರುತ್ತಾ ಹೋಗುತ್ತದೆ. ಇವತ್ತಿನ ವಿಷಯ ಅದರ ತಿರುವುಮುರುವು, ರಿವರ್ಸ್ ಆಕ್ಷನ್. ಕೊಳ್ಳುವುದು ಒಂದೇ ಕಚೇರಿ, ಮಾರಲು ಬಂದವರು ಹಲವರು. ಅವರು ಗಡಿಯಾರ ನೋಡಿಕೊಂಡು ಕಂಪ್ಯೂಟರಿನಲ್ಲಿ ದರ ಇಳಿಸುತ್ತಾರೆ. ಸಮಯ ಮುಗಿದಾಗ ಯಾರ ದರ ಕಡಿಮೆಯೋ ಅವರು ಎಲ್1. ಇಷ್ಟು ಗೊತ್ತಿದ್ದರೆ ಪೋರ್ಟಲ್‌ನಲ್ಲಿ ಬಟನ್ ಒತ್ತಬಹುದು. ಒತ್ತುವ ಮೊದಲು ಒಂದು ಲೆಕ್ಕ ತಲೆಯಲ್ಲಿರಲಿ.

ಹಾಸ್ಟೆಲ್‌ಗಳಿಗೆ 2,000 ಕಂಬಳಿ ಬೇಕು ಎಂದುಕೊಳ್ಳಿ. ಮೂವರು ಬಂದಿದ್ದಾರೆ. ಮೊದಲನೆಯವರಿಗೆ ಎಲ್ಲ ಖರ್ಚು, ಚೂರು ಲಾಭ ಸೇರಿ 410 ರೂಪಾಯಿಗಿಂತ ಕೆಳಗೆ ಗಿಟ್ಟುವುದಿಲ್ಲ. ಎರಡನೆಯವರಿಗೆ 438, ಮೂರನೆಯವರಿಗೆ 470. ಹರಾಜು 500ರಿಂದ ಶುರು. 470ರ ಹತ್ತಿರ ಮೂರನೆಯವರು ಕೈಬಿಟ್ಟರು. 438ರ ಹತ್ತಿರ ಎರಡನೆಯವರೂ ನಿಂತರು. ಮೊದಲನೆಯವರು 436ಕ್ಕೋ 437ಕ್ಕೋ ಗೆದ್ದರು. 410ರ ತನಕ ಇಳಿಯಬೇಕಾದ ಪ್ರಮೇಯವೇ ಅವರಿಗೆ ಬರಲಿಲ್ಲ. ಅಂದರೆ ಹರಾಜು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಗೆದ್ದವರ ಖರ್ಚಲ್ಲ, ಅವರ ಹಿಂದೆಯೇ ಇರುವ ಎರಡನೆಯವರ ಖರ್ಚು.

ಈಗ ಎರಡನೆಯವರ ಟೆಕ್ನಿಕಲ್ ಕವರ್, ಅಂದರೆ ಅರ್ಹತೆಯ ಕಾಗದ ಪತ್ರ, ತಿರಸ್ಕಾರವಾಯಿತು ಎನ್ನಿ. ಕಾರಣ ಏನೋ ಸಣ್ಣದು: ಅಫಿಡವಿಟ್‌ನಲ್ಲಿ ದಿನಾಂಕ ತಪ್ಪಿದೆ, ಅಥವಾ ಅನುಭವದ ಪ್ರಮಾಣಪತ್ರ ಬೇರೆ ನಮೂನೆಯಲ್ಲಿದೆ. ಹರಾಜು 470ರ ಹತ್ತಿರ ನಿಲ್ಲುತ್ತದೆ. ಕಂಬಳಿಗೆ 32 ರೂಪಾಯಿ ವ್ಯತ್ಯಾಸ, 2,000ಕ್ಕೆ 64,000 ರೂಪಾಯಿ. ಗೆದ್ದವರು ಅದೇ ವ್ಯಕ್ತಿ, ಕಂಬಳಿ ಅದೇ ಕಂಬಳಿ. ಆ ಹಣ ಹರಾಜಿನ ದಿನ ಹೋದದ್ದಲ್ಲ, ಹದಿನೈದು ದಿನ ಮೊದಲು ಟೆಕ್ನಿಕಲ್ ಪರಿಶೀಲನೆಯ ಮೇಜಿನ ಮೇಲೇ ಹೋಗಿದೆ. ಕಾಗದ ಪತ್ರದಲ್ಲಿ ಸರಿಪಡಿಸಬಹುದಾದ ಕೊರತೆ ಇದ್ದರೆ, ನಿಯಮ ಅವಕಾಶ ಕೊಡುವಷ್ಟು ಮಟ್ಟಿಗೆ ಸ್ಪಷ್ಟೀಕರಣ ಕೇಳಿ, ಎಲ್ಲರಿಗೂ ಒಂದೇ ಅಳತೆಯಲ್ಲಿ ಕೇಳಿ ಎಂದು ಹೇಳುವುದು ಇದಕ್ಕೇ.

ಮುಚ್ಚಿದ ಟೆಂಡರಿನಲ್ಲಿ ಇದೇ ಮೂವರು ಏನು ಮಾಡುತ್ತಿದ್ದರು? ಮೊದಲನೆಯವರಿಗೆ ಉಳಿದವರ ದರ ಕಾಣುವುದಿಲ್ಲ. ಹೆದರಿ 425 ಬರೆಯಬಹುದು, ಧೈರ್ಯ ಮಾಡಿ 455 ಬರೆಯಬಹುದು. 425 ಬರೆದರೆ ಹರಾಜಿಗಿಂತ ಅಗ್ಗವಾಯಿತು. ಆದ್ದರಿಂದ ರಿವರ್ಸ್ ಆಕ್ಷನ್ ಮಾಡಿದರೆ ದರ ಇಳಿದೇ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲು ಮುಚ್ಚಿದ ದರ ಪಡೆದು, ಆಮೇಲೆ ಅದರ ಮೇಲೆ ಹರಾಜು ನಡೆಸುವ ಪದ್ಧತಿ ಬಂದಿರುವುದು ಈ ಎರಡು ಲಾಭವನ್ನೂ ಹಿಡಿಯುವುದಕ್ಕೆ. ಕೇಂದ್ರ ಸರ್ಕಾರದ ಖರೀದಿ ತಾಣವಾದ ಜೆಮ್ ಪೋರ್ಟಲ್‌ನಲ್ಲಿ 'ಬಿಡ್ ಟು ಆರ್‌ಎ' (ಆರ್‌ಎ ಎಂದರೆ ರಿವರ್ಸ್ ಆಕ್ಷನ್) ಎನ್ನುವುದು ಇದನ್ನೇ. ಅಲ್ಲಿ ತಾಂತ್ರಿಕವಾಗಿ ಅರ್ಹರಾದವರಲ್ಲಿ ಅತಿ ಹೆಚ್ಚು ದರ ಹಾಕಿದವರನ್ನು ಹೊರಗಿಡುವ ನಿಯಮ, ಅಥವಾ ಕಡಿಮೆ ದರದ ಅರ್ಧದಷ್ಟು ಜನರನ್ನು ಮಾತ್ರ ಹರಾಜಿಗೆ ಬಿಡುವ ನಿಯಮ ಇರುತ್ತದೆ. ಇದರ ಉದ್ದೇಶ ಸ್ಪಷ್ಟ: ಹೇಗೂ ಆಮೇಲೆ ಇಳಿಸಿದರಾಯಿತು ಎಂದು ಮೊದಲ ದರವನ್ನು ಸುಮ್ಮನೆ ಏರಿಸಿ ಬರೆಯುವವರು ಬಾಗಿಲಲ್ಲೇ ಉಳಿಯಬೇಕು. ಸರಬರಾಜುದಾರರು ಇದನ್ನು ಗಮನಿಸಿ. ಮೊದಲ ದರವೇ ಹರಾಜಿಗೆ ಪ್ರವೇಶದ ಟಿಕೆಟ್ಟು.

ಯಾವ ನಿಯಮದಡಿ, ಯಾವ ವಸ್ತುವಿಗೆ

ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯ ಕಚೇರಿಗಳಿವೆ. ರಾಜ್ಯ ಸರ್ಕಾರದ ಇಲಾಖೆಗಳು, ಜಿಲ್ಲಾ ಪಂಚಾಯತ್, ನಗರಸಭೆ, ಗ್ರಾಮ ಪಂಚಾಯತಿಗಳು ನಡೆಯುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಮತ್ತು 2000ದ ನಿಯಮಗಳ ಪ್ರಕಾರ. ನಾವೆಲ್ಲ ಕೆಟಿಪಿಪಿ ಅನ್ನುವುದು ಅದನ್ನೇ. ಟೆಂಡರ್ ನಡೆಯುವುದು ರಾಜ್ಯದ ಖರೀದಿ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ. ಇನ್ನೊಂದು ಬಗೆ ಕೇಂದ್ರದವು: ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರ, ಗಾಳಿಬೀಡಿನ ನವೋದಯ ಶಾಲೆ, ಅಂಚೆ ಕಚೇರಿಗಳು. ಇವರಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಮತ್ತು 2016ರಲ್ಲಿ ಶುರುವಾದ ಜೆಮ್. ಜೆಮ್‌ನಲ್ಲಿ ನಿಗದಿತ ಮೊತ್ತ ಮೀರಿದ ಖರೀದಿಗೆ ಬಿಡ್ ಇಲ್ಲವೇ ರಿವರ್ಸ್ ಆಕ್ಷನ್ ಕಡ್ಡಾಯ. ಆ ಮೊತ್ತ ಹಲವು ಸಲ ಬದಲಾಗಿದೆ. ಹಳೆಯ ಸುತ್ತೋಲೆ ಇಟ್ಟುಕೊಂಡು ಕೂರಬೇಡಿ, ಖರೀದಿಯ ದಿನ ಜಾರಿಯಲ್ಲಿರುವುದನ್ನು ನೋಡಿ.

2017ರ ನಿಯಮಗಳಲ್ಲಿ 167ನೆಯದು ಎಲೆಕ್ಟ್ರಾನಿಕ್ ರಿವರ್ಸ್ ಆಕ್ಷನ್‌ಗೆ ಮೂರು ಷರತ್ತು ಹೇಳುತ್ತದೆ. ಕೊಳ್ಳುವ ವಸ್ತುವನ್ನು ವಿವರವಾಗಿ ಬರೆದು ಹೇಳಲು ಸಾಧ್ಯವಿರಬೇಕು. ಅರ್ಹ ಬಿಡ್ಡುದಾರರ ನಡುವೆ ನಿಜವಾದ ಪೈಪೋಟಿ ಇರುವ ಮಾರುಕಟ್ಟೆ ಬೇಕು. ಗೆದ್ದವರನ್ನು ಆರಿಸುವ ಮಾನದಂಡ ಅಳೆಯಲು ಬರುವಂತಿದ್ದು, ಅದನ್ನು ಹಣದ ಲೆಕ್ಕದಲ್ಲಿ ಹೇಳುವಂತಿರಬೇಕು. ವಿಶ್ವಸಂಸ್ಥೆಯ ವಾಣಿಜ್ಯ ಕಾನೂನು ಆಯೋಗದ 2011ರ ಮಾದರಿ ಕಾನೂನು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ರಾಜ್ಯದ ಕಚೇರಿಯವರಿಗೂ ಈ ಮೂರು ಪ್ರಶ್ನೆ ಕೇಳಿಕೊಳ್ಳುವುದರಿಂದ ನಷ್ಟವಿಲ್ಲ.

ಎಲ್‌ಇಡಿ ಬೀದಿದೀಪ, ಕಂಪ್ಯೂಟರ್, ಯುಪಿಎಸ್ ಬ್ಯಾಟರಿ, ಎ4 ಕಾಗದ, ಮಂಚ, ಕಂಬಳಿ, ಟಾರ್ಪಾಲು, ಸೋಲಾರ್ ಬೇಲಿಯ ತಂತಿ, ಸಾಕಾನೆ ಶಿಬಿರಕ್ಕೆ ರಾಗಿ ಮತ್ತು ಬೆಲ್ಲ: ಇವು ಮೂರೂ ಪ್ರಶ್ನೆಗೆ ಉತ್ತರ ಕೊಡುತ್ತವೆ. ಕುಸಿದ ಗುಡ್ಡ ತಡೆಯುವ ಕಾಮಗಾರಿಯ ವಿನ್ಯಾಸ ಕೊಡುವುದಿಲ್ಲ. ಅಲ್ಲಿ ಅಗ್ಗದ ಎಂಜಿನಿಯರ್ ಎಂದರೆ ಮುಂದಿನ ಜುಲೈಯಲ್ಲಿ ದುಬಾರಿ ಗುಡ್ಡ. ಯುರೋಪಿನ 2014ರ ಖರೀದಿ ನಿರ್ದೇಶನದಲ್ಲಿ ಕಾಮಗಾರಿ ವಿನ್ಯಾಸದಂಥ ಬೌದ್ಧಿಕ ಕೆಲಸವನ್ನು ಎಲೆಕ್ಟ್ರಾನಿಕ್ ಹರಾಜಿಗೆ ಇಡಲೇಬಾರದು ಎಂದು ಬರೆದಿದ್ದಾರೆ. ಒಬ್ಬರೇ ತಯಾರಕರು ರಿಪೇರಿ ಮಾಡಬಲ್ಲ ಆಸ್ಪತ್ರೆ ಯಂತ್ರದ ವಾರ್ಷಿಕ ನಿರ್ವಹಣೆಯನ್ನೂ ಇದರಿಂದ ದೂರವಿಡಿ.

ಹೊರಗುತ್ತಿಗೆ ಸಿಬ್ಬಂದಿಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಕಾವಲು, ಸ್ವಚ್ಛತೆ, ಡೇಟಾ ಎಂಟ್ರಿ. ಕನಿಷ್ಠ ವೇತನ ಸರ್ಕಾರವೇ ಗೊತ್ತು ಮಾಡಿದ್ದು. ಅದರ ಮೇಲೆ ಮಾಲೀಕರ ಪಾಲಿನ ಭವಿಷ್ಯ ನಿಧಿ 12 ಶೇಕಡಾ, ಇಎಸ್‌ಐ 3.25 ಶೇಕಡಾ. ಇವು ಯಾವುದನ್ನೂ ಇಳಿಸುವಂತಿಲ್ಲ. ಉಳಿಯುವುದು ಏಜೆನ್ಸಿಯ ಸೇವಾ ಶುಲ್ಕ ಒಂದೇ. ಹರಾಜಿಗೆ ಇಟ್ಟರೆ ಅದು ಸೊನ್ನೆಯ ಅಂಚಿಗೆ ಬಂದು ನಿಲ್ಲುತ್ತದೆ. ಎಲ್ಲರೂ ಒಂದೇ ದರದಲ್ಲಿ ನಿಂತ ಮೇಲೆ ನಿಮಗೆ ಆಯ್ಕೆಯ ದಾರಿ ಇಲ್ಲ. ಗೆದ್ದವರು ಕಚೇರಿ ಖರ್ಚು, ಬಡ್ಡಿ, ಲಾಭ ಎಲ್ಲಿಂದ ತೆಗೆಯುತ್ತಾರೆ? ಭವಿಷ್ಯ ನಿಧಿ ತುಂಬುವುದನ್ನು ಎರಡು ತಿಂಗಳು ತಪ್ಪಿಸುತ್ತಾರೆ, ಸಂಬಳದಲ್ಲಿ ಸಮವಸ್ತ್ರದ ಹೆಸರಲ್ಲಿ ಹಿಡಿಯುತ್ತಾರೆ. ದೂರು ಬರುವುದು ನಿಮ್ಮ ಕಚೇರಿಗೇ, ಏಕೆಂದರೆ ಮುಖ್ಯ ಉದ್ಯೋಗದಾತರು ನೀವು. ಇಂಥ ಸೇವೆಗೆ ಕನಿಷ್ಠ ಸೇವಾ ಶುಲ್ಕದ ನೆಲ ಹಾಕಿ, ಅನುಭವ ಮತ್ತು ಹಿಂದಿನ ಪಾವತಿಯ ದಾಖಲೆಗೆ ಅಂಕ ಕೊಟ್ಟು ಆರಿಸುವ ದಾರಿ ಹಿಡಿಯಿರಿ.

ವಿವರಣೆ ಸಡಿಲವಾದರೆ ಇಳಿಯುವುದು ಗುಣಮಟ್ಟ

ಟಾರ್ಪಾಲನ್ನೇ ತೆಗೆದುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಪ್ರತಿ ತಾಲ್ಲೂಕಿಗೂ ಬೇಕು. ಇಂಡೆಂಟ್‌ನಲ್ಲಿ, ಅಂದರೆ ಬೇಡಿಕೆ ಪತ್ರದಲ್ಲಿ, 'ಉತ್ತಮ ಗುಣಮಟ್ಟದ ಪ್ಲಾಸ್ಟಿಕ್ ಟಾರ್ಪಾಲು, 18 ಅಡಿ 24 ಅಡಿ' ಎಂದಷ್ಟೇ ಬರೆದು ಹರಾಜಿಗಿಟ್ಟರೆ, ಪ್ರತಿ ಸಲ ದರ ಇಳಿದಾಗಲೂ ಹಾಳೆ ತೆಳುವಾಗುತ್ತಾ ಹೋಗುತ್ತದೆ. ಬಿಡ್ಡುದಾರರು ಮೋಸ ಮಾಡಿದರು ಎನ್ನುವಂತಿಲ್ಲ, ನೀವು ಬರೆದದ್ದನ್ನೇ ಅವರು ಕೊಟ್ಟಿದ್ದಾರೆ. ಎಚ್‌ಡಿಪಿಇ ಟಾರ್ಪಾಲಿಗೆ ಐಎಸ್ 7903 ಎಂಬ ಮಾನಕ ಇದೆ, ಅದನ್ನು ಹೆಸರಿಸಿ. ಚದರ ಮೀಟರಿಗೆ ಎಷ್ಟು ಗ್ರಾಂ, ಅಂದರೆ ಜಿಎಸ್‌ಎಂ, ಎಷ್ಟರ ತನಕ ಹೆಚ್ಚು ಕಡಿಮೆ ಇರಬಹುದು, ಬಿಸಿಲಿಗೆ ಬಿರಿಯದ ಯುವಿ ಸ್ಥಿರಕಾರಿ ಇದೆಯೇ, ಹಗ್ಗ ಕಟ್ಟುವ ತೂತು, ಅಂದರೆ ಐಲೆಟ್, ಎಷ್ಟು ದೂರಕ್ಕೊಂದು, ಅಂಚಿನೊಳಗೆ ಹಗ್ಗ ಇದೆಯೇ, ಕೂಡಿಸಿದ ಕಡೆ ಹೊಲಿಗೆಯೋ ಬಿಸಿ ಬೆಸುಗೆಯೋ, ಎಲ್ಲ ಬರೆಯಿರಿ.

ಮಾಲು ಬಂದಾಗ ಪರೀಕ್ಷೆ ಕಷ್ಟವಲ್ಲ. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ತುಂಡು ಕತ್ತರಿಸಿ ತೂಗಿ, ನೂರರಿಂದ ಗುಣಿಸಿದರೆ ಜಿಎಸ್‌ಎಂ. 250 ಇರಬೇಕಾದ ಹಾಳೆಯ ತುಂಡು 2.5 ಗ್ರಾಂ ತೂಗಬೇಕು. 1.7 ಬಂದರೆ 170ರ ಹಾಳೆ ಬಂದಿದೆ ಎಂದರ್ಥ. ಚಿನ್ನದ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಒಂದೇ ತುಂಡಿನಿಂದ ತೀರ್ಮಾನಿಸಬೇಡಿ, ಬೇರೆ ಬೇರೆ ಕಟ್ಟಿನಿಂದ ತೆಗೆದ ನಾಲ್ಕೈದು ಹಾಳೆಯಲ್ಲಿ ನೋಡಿ. ಹೀಗೆ ಪರೀಕ್ಷೆ ಮಾಡುತ್ತೇವೆ ಎಂದು ಟೆಂಡರಿನಲ್ಲೇ ಬರೆದರೆ ಹರಾಜಿನ ದರ ತುಸು ಮೇಲೆಯೇ ನಿಲ್ಲುತ್ತದೆ. ನಿಲ್ಲಲಿ. ಅದು ನಿಜವಾದ ಟಾರ್ಪಾಲಿನ ದರ.

ಬೀದಿದೀಪದಲ್ಲೂ ಇದೇ ಕಥೆ. ವ್ಯಾಟ್ ಒಂದನ್ನೇ ಬರೆದರೆ ಬೆಳಕು ಎಷ್ಟು ಬರಬೇಕೆಂದು ಬರೆದಂತಾಗಲಿಲ್ಲ, ವ್ಯಾಟಿಗೆ ಎಷ್ಟು ಲ್ಯೂಮೆನ್ ಎಂದು ಬೇಕು. ನಮ್ಮ ಕಡೆ ಸಿಡಿಲು, ಓಲ್ಟೇಜ್ ಏರಿಳಿತ ಎರಡೂ ಜೋರು. 4 ಕಿಲೋವೋಲ್ಟ್ ಸರ್ಜ್ (ಹಠಾತ್ತನೆ ಏರುವ ವಿದ್ಯುತ್ ಹೊಡೆತ) ತಡೆಯುವ ದೀಪಕ್ಕೂ 10 ಕಿಲೋವೋಲ್ಟ್ ತಡೆಯುವ ದೀಪಕ್ಕೂ ಬೆಲೆಯಲ್ಲಿ ವ್ಯತ್ಯಾಸವಿದೆ. ಬರೆಯದಿದ್ದರೆ ಹರಾಜು ನಿಮ್ಮನ್ನು 4ರ ಕಡೆಗೇ ಒಯ್ಯುತ್ತದೆ, ಮೇ ತಿಂಗಳ ಮೊದಲ ಗುಡುಗಿಗೆ ಅರ್ಧ ದೀಪ ಆರಿರುತ್ತದೆ. ನೀರು ಹೋಗದ ಐಪಿ ಮಟ್ಟ, ದೀಪದೊಳಗಿನ ಡ್ರೈವರ್ ಸರ್ಕ್ಯೂಟಿಗೂ ಸೇರಿದ ವಾರಂಟಿ, ಕೆಟ್ಟ ದೀಪ ಎಷ್ಟು ದಿನದಲ್ಲಿ ಬದಲಿಸಬೇಕು ಎಂಬುದನ್ನೂ ಮರೆಯಬೇಡಿ.

ಇನ್ನು ತಲುಪಿಸುವ ಜಾಗ. 'ಕೊಡಗು ಜಿಲ್ಲೆಯ ವಿವಿಧ ಸ್ಥಳಗಳು' ಎಂದು ಬರೆದ ಟೆಂಡರ್ ನೋಡಿದರೆ ಮೈಸೂರಿನ ವ್ಯಾಪಾರಿ ಕುಶಾಲನಗರದ ದರ ಹಾಕುತ್ತಾರೆ. ಗೆದ್ದ ಮೇಲೆ ಕರಿಕೆ, ಬಿರುನಾಣಿ, ಗರ್ವಾಲೆ, ಭಾಗಮಂಡಲದ ಪಟ್ಟಿ ಕೈಗೆ ಬಂದಾಗ ತಕರಾರು ಶುರು. ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬರುವುದುಂಟು, ಆಗ ಲಾರಿಯಿಂದ ಪಿಕ್‌ಅಪ್‌ಗೆ ಇಳಿಸಿ ಏರಿಸಬೇಕು, ಆ ಕೂಲಿ ಯಾರದು? ಸ್ಥಳವಾರು ಸಂಖ್ಯೆಯ ಪಟ್ಟಿ ಟೆಂಡರಿನ ಅನುಬಂಧದಲ್ಲಿರಲಿ. ದರ ಎಂದರೆ ಜಿಎಸ್‌ಟಿ, ಸಾಗಣೆ, ಇಳಿಸುವ ಕೂಲಿ ಎಲ್ಲ ಸೇರಿ, ಉಗ್ರಾಣದ ಬಾಗಿಲಿಗೆ ಎಂದು ಸ್ಪಷ್ಟವಾಗಿರಲಿ. ಒಬ್ಬರು ಜಿಎಸ್‌ಟಿ ಬಿಟ್ಟು, ಇನ್ನೊಬ್ಬರು ಸೇರಿಸಿ ಇಳಿಸಿದರೆ ಆ ಹರಾಜಿಗೆ ಅರ್ಥವಿಲ್ಲ.

ಒಟ್ಟಿಗೆ ಹರಾಜಿಗಿಡುವ ಭಾಗ, ಅಂದರೆ ಲಾಟ್, ಎಷ್ಟು ದೊಡ್ಡದಿರಬೇಕು? ಜಿಲ್ಲೆಗೆಲ್ಲ ಒಂದೇ ಲಾಟ್ ಮಾಡಿದರೆ ಸಣ್ಣ ವ್ಯಾಪಾರಿಗಳು ಹೊರಗುಳಿಯುತ್ತಾರೆ. ಪ್ರತಿ ಹಾಸ್ಟೆಲ್‌ಗೂ ಒಂದೊಂದು ಮಾಡಿದರೆ ಹೊರಗಿನ ಸಗಟು ವ್ಯಾಪಾರಿ ತಿರುಗಿ ನೋಡುವುದಿಲ್ಲ. ಕುಶಾಲನಗರ ಮತ್ತು ಸೋಮವಾರಪೇಟೆ ಒಂದು, ಮಡಿಕೇರಿ ಒಂದು, ವಿರಾಜಪೇಟೆ ಮತ್ತು ಪೊನ್ನಂಪೇಟೆ ಒಂದು, ಹೀಗೆ ಮೂರು ಲಾಟ್ ಮಾಡಿ ಒಂದೇ ಟೆಂಡರಿನಲ್ಲಿ ಕರೆಯುವುದು ಹದವಾದ ದಾರಿ. ಇದು ಖರೀದಿಯನ್ನು ಒಡೆದಂತಾಗುವುದಿಲ್ಲವೇ ಎಂದು ಲೆಕ್ಕಪರಿಶೋಧಕರು ಕೇಳಬಹುದು. ಮೇಲಿನ ಅಧಿಕಾರಿಯ ಮಂಜೂರಾತಿ ಅಥವಾ ಬಿಡ್ ತಪ್ಪಿಸಲು ಬೇಡಿಕೆ ಒಡೆಯಬಾರದು ಎನ್ನುವುದು ನಿಯಮ. ಒಟ್ಟು ಮೊತ್ತಕ್ಕೆ ಮಂಜೂರಾತಿ ಪಡೆದು, ಒಂದೇ ಪ್ರಕಟಣೆಯಲ್ಲಿ ಲಾಟ್ ಮಾಡುವುದು ಆ ಸಾಲಿಗೆ ಬರುವುದಿಲ್ಲ. ಕಾರಣವನ್ನು ಕಡತದಲ್ಲಿ ಬರೆದಿಡಿ.

ಹಲವು ವಸ್ತುಗಳ ಒಟ್ಟು ಮೊತ್ತದ ಮೇಲೆ ಹರಾಜು ಮಾಡುವಾಗ ಒಂದು ಅಪಾಯ ಇದೆ. ನಲವತ್ತು ಬಗೆಯ ಲೇಖನ ಸಾಮಗ್ರಿ, ಮೊದಲ ದರ 6 ಲಕ್ಷ, ಹರಾಜಿನಲ್ಲಿ 5 ಲಕ್ಷಕ್ಕೆ ಇಳಿಯಿತು. ಆ 1 ಲಕ್ಷವನ್ನು ಯಾವ ವಸ್ತುವಿನಿಂದ ಕಳೆಯಬೇಕು? ಬರೆದಿಲ್ಲ. ಗೆದ್ದವರು ನೀವು ಹೆಚ್ಚು ಕೊಳ್ಳದ ವಸ್ತುಗಳ ದರವನ್ನು ನೆಲಕ್ಕೆ ಇಳಿಸಿ, ಕಾಗದ ಮತ್ತು ಟೋನರ್ ದರವನ್ನು ಹಾಗೇ ಉಳಿಸುತ್ತಾರೆ. ವರ್ಷವಿಡೀ ನೀವು ಕೊಳ್ಳುವುದು ಕಾಗದ ಮತ್ತು ಟೋನರ್ ಮಾತ್ರ. ಆದ್ದರಿಂದ ಒಟ್ಟು ಇಳಿಕೆ ಎಲ್ಲ ವಸ್ತುಗಳಿಗೂ ಒಂದೇ ಶೇಕಡಾವಾರಿನಲ್ಲಿ ಅನ್ವಯ ಎಂದು ಮೊದಲೇ ಹೇಳಿರಬೇಕು.

ಹರಾಜಿನ ಗುಂಡಿಗಳನ್ನು ತಿರುಗಿಸುವುದು

ಆರಂಭದ ದರ, ಇಳಿಕೆಯ ಹೆಜ್ಜೆ (ಪ್ರತಿ ಸಲ ಕನಿಷ್ಠ ಎಷ್ಟು ಇಳಿಸಬೇಕು ಎಂಬುದು), ಅವಧಿ, ವಿಸ್ತರಣೆ, ಯಾರಿಗೆ ಏನು ಕಾಣಬೇಕು. ಈ ಐದೂ ಟೆಂಡರ್ ದಾಖಲೆಯಲ್ಲೇ ಇರಬೇಕು. ಕವರ್ ತೆರೆದ ಮೇಲೆ 'ದರ ಜಾಸ್ತಿ ಕಾಣುತ್ತಿದೆ, ಹರಾಜು ಮಾಡೋಣ' ಎನ್ನುವಂತಿಲ್ಲ.

ಇಳಿಕೆಯ ಹೆಜ್ಜೆಯಲ್ಲೇ ಹೆಚ್ಚು ತಪ್ಪಾಗುವುದು. ಅದೇ ಕಂಬಳಿ, ಅಂದಾಜು 10 ಲಕ್ಷ. ಹೆಜ್ಜೆ 100 ರೂಪಾಯಿ ಎಂದಿಟ್ಟರೆ ಕಂಬಳಿಗೆ 5 ಪೈಸೆ. 470ರಿಂದ 438ಕ್ಕೆ ಬರಲು 640 ಬಿಡ್ ಬೇಕು. ಪ್ರತಿ ಬಿಡ್‌ಗೂ ಸಮಯ ವಿಸ್ತರಣೆಯಾಗುತ್ತಾ ಸಂಜೆಯಾಗುತ್ತದೆ. ಹೆಜ್ಜೆ 30,000 ಎಂದಿಟ್ಟರೆ ಕಂಬಳಿಗೆ 15 ರೂಪಾಯಿ. ಮೊದಲನೆಯವರು 450ರಲ್ಲಿದ್ದಾಗ ಎರಡನೆಯವರು 435ಕ್ಕೆ ಇಳಿಯಬೇಕು, ಅವರ ಮಿತಿ 438. ಕೈಬಿಟ್ಟರು. ಹರಾಜು 450ರಲ್ಲೇ ನಿಂತಿತು, 24,000 ರೂಪಾಯಿಯಷ್ಟು ಇಳಿಯಬಹುದಾಗಿದ್ದು ಇಳಿಯಲಿಲ್ಲ. ಅಂದಾಜಿನ ಕಾಲು ಶೇಕಡಾದಿಂದ ಒಂದು ಶೇಕಡಾದೊಳಗೆ ಹೆಜ್ಜೆ ಇದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಲ್ಲಿ 5,000 ಸಾಕು.

ಅವಧಿ ಎಷ್ಟೇ ಇಡಿ, ನಿಜವಾದ ಓಡಾಟ ಕೊನೆಯ ಕೆಲವು ನಿಮಿಷಗಳಲ್ಲೇ. ಗಡಿಯಾರ ಗಟ್ಟಿಯಾಗಿ ಮುಗಿಯುವುದಾದರೆ ಎಲ್ಲರೂ ಕೊನೆಯ ಸೆಕೆಂಡಿಗೆ ಕಾಯುತ್ತಾರೆ, ನೆಟ್‌ವರ್ಕ್ ಚುರುಕಾಗಿರುವವರು ಗೆಲ್ಲುತ್ತಾರೆ. ಅದಕ್ಕೇ ಕೊನೆಯ ಇಷ್ಟು ನಿಮಿಷದಲ್ಲಿ ಬಿಡ್ ಬಂದರೆ ಮತ್ತೆ ಅಷ್ಟೇ ನಿಮಿಷ ವಿಸ್ತರಣೆ ಎಂಬ ನಿಯಮ. ಬ್ರೆಜಿಲ್‌ನವರು ಒಂದು ಕಾಲದಲ್ಲಿ ಬೇರೆ ಉಪಾಯ ಮಾಡಿದ್ದರು: ಕೊನೆಯ ಘಟ್ಟ 30 ನಿಮಿಷದೊಳಗೆ ಯಾವ ಕ್ಷಣದಲ್ಲಾದರೂ ಮುಗಿಯಬಹುದು, ಕಂಪ್ಯೂಟರ್ ಮನಸ್ಸಿಗೆ ಬಂದಾಗ. ಕಾಯುವವರಿಗೆ ಭಯ ಹುಟ್ಟಿತು, ಆದರೆ ಇನ್ನೂ ಇಳಿಸಲು ಸಿದ್ಧರಿದ್ದವರು ಅದೃಷ್ಟ ಕೆಟ್ಟು ಸೋಲುವುದೂ ಆಯಿತು. ನಮ್ಮ ವಿಸ್ತರಣೆ ಪದ್ಧತಿಯೇ ವಾಸಿ.

ಜೂನ್, ಜುಲೈ, ಆಗಸ್ಟ್‌ನಲ್ಲಿ ಹರಾಜು ಇಡಬೇಡಿ ಎಂದು ನಿಮಗೆ ಹೇಳಬೇಕಾಗಿಲ್ಲ. ಮರ ಬಿದ್ದು ಕರೆಂಟ್ ಹೋದರೆ ಟವರೂ ಹೋಯಿತು. ಇಡಲೇಬೇಕಾದರೆ ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಇಡಿ. ಸ್ಥಳೀಯ ಬಿಡ್ಡುದಾರರು ಯುಪಿಎಸ್ ಇರುವ ಕಡೆ ಕುಳಿತು, ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಸಿದ್ಧವಿಟ್ಟುಕೊಳ್ಳಿ. ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಹಿಂದಿನ ದಿನವೇ ಚುಚ್ಚಿ ಲಾಗಿನ್ ಆಗಿ ನೋಡಿ, ಅವಧಿ ಮುಗಿದ ಸರ್ಟಿಫಿಕೇಟ್ ಗೊತ್ತಾಗುವುದು ಹರಾಜಿನ ಬೆಳಿಗ್ಗೆಯೇ ಹೆಚ್ಚು. ನಂಬಬೇಕಾದ ಗಡಿಯಾರ ಪೋರ್ಟಲ್‌ನದು, ಗೋಡೆಯದಲ್ಲ. ಮತ್ತು ಸೊನ್ನೆ ಎಣಿಸಿ. 8,95,000 ಎಂದು ಹಾಕುವ ಬದಲು 89,500 ಹಾಕಿದರೆ ವಾಪಸ್ ತೆಗೆಯಲು ಬರುವುದಿಲ್ಲ, ಇಎಂಡಿ, ಅಂದರೆ ಬಿಡ್ ಜೊತೆ ಇಟ್ಟ ಠೇವಣಿ, ಮುಟ್ಟುಗೋಲಾಗುವ ತನಕ ಹೋಗುತ್ತದೆ. ಅಕ್ಷರದಲ್ಲಿ ತೋರಿಸುವ ಮೊತ್ತವನ್ನು ಓದಿ ಆಮೇಲೆ ಒತ್ತಿ.

ನೆಟ್ ಹೋದರೆ ಏನು ಎಂಬುದನ್ನೂ ಟೆಂಡರಿನಲ್ಲಿ ಬರೆದಿರಬೇಕು. ಪೋರ್ಟಲ್ ಸರ್ವರೇ ನಿಂತರೆ, ಸರ್ವರ್ ದಾಖಲೆ ನೋಡಿ ಹರಾಜು ಮುಂದುವರಿಸುವುದು ಅಥವಾ ಮತ್ತೆ ನಡೆಸುವುದು. ಒಬ್ಬರ ಮನೆಯ ಸಂಪರ್ಕ ಕಡಿದರೆ ಅದು ಮರುಹರಾಜಿಗೆ ಕಾರಣವಲ್ಲ. ಬರೆಯದಿದ್ದರೆ ಸೋತವರೆಲ್ಲರ ನೆಟ್ಟೂ ಅವತ್ತು ಹೋಗಿರುತ್ತದೆ.

ಒಳ ಒಪ್ಪಂದ

ಸಣ್ಣ ಜಿಲ್ಲೆ, ಒಂದು ವಸ್ತುವಿಗೆ ನಾಲ್ಕೈದು ಡೀಲರುಗಳು, ಎಲ್ಲರೂ ಒಬ್ಬರಿಗೊಬ್ಬರು ಪರಿಚಯ. ಪೋರ್ಟಲ್ ಹೆಸರು ಮುಚ್ಚಿಟ್ಟರೂ ಫೋನ್ ಮುಚ್ಚಿಡುವುದಿಲ್ಲ. ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ: ಒಳ ಒಪ್ಪಂದ ಮಾಡಿಕೊಂಡವರಿಗೆ ತೆರೆದ ಹರಾಜು ಅನುಕೂಲ. ಮುಚ್ಚಿದ ಟೆಂಡರಿನಲ್ಲಿ ಗುಂಪಿನ ಒಬ್ಬರು ಮಾತು ತಪ್ಪಿ ಕಡಿಮೆ ಬರೆದರೆ ಕವರ್ ತೆರೆಯುವ ತನಕ ಗೊತ್ತಾಗುವುದಿಲ್ಲ, ಆಮೇಲೆ ಏನೂ ಮಾಡಲಾಗದು. ಹರಾಜಿನಲ್ಲಿ ಮಾತು ತಪ್ಪಿದ ತಕ್ಷಣ ಪರದೆಯಲ್ಲಿ ಕಾಣುತ್ತದೆ, ಉಳಿದವರು ಕೂಡಲೇ ಇಳಿಸಿ ಪಾಠ ಕಲಿಸಬಹುದು. ಆದ್ದರಿಂದ ಯಾರೂ ಮಾತು ತಪ್ಪುವುದಿಲ್ಲ. ಮಾರುಕಟ್ಟೆ ಚಿಕ್ಕದಿದ್ದು ಅನುಮಾನವಿದ್ದರೆ ಮುಚ್ಚಿದ ಟೆಂಡರೇ ಲೇಸು, ಅಥವಾ ಹೊರ ಜಿಲ್ಲೆಯವರನ್ನು ಸೆಳೆಯುವಂತೆ ಲಾಟ್ ದೊಡ್ಡದು ಮಾಡಿ.

ಕುರುಹುಗಳು ಕಡತದಲ್ಲೇ ಇರುತ್ತವೆ. ಎರಡು ಬಿಡ್ ಒಂದೇ ಐಪಿ ವಿಳಾಸದಿಂದ, ಇಎಂಡಿ ಒಂದೇ ಬ್ಯಾಂಕ್ ಶಾಖೆಯ ಅನುಕ್ರಮ ಸಂಖ್ಯೆಯಲ್ಲಿ, ಎರಡು ಪತ್ರದಲ್ಲೂ ಅದೇ ಅಕ್ಷರ ತಪ್ಪು. ಹರಾಜಿನಲ್ಲಿ ಎಲ್ಲರೂ ಒಂದು ಹೆಜ್ಜೆ ಇಳಿಸಿ ಸುಮ್ಮನಾಗುವುದು. ಮೂರು ವರ್ಷದ ದಾಖಲೆ ಸಾಲಾಗಿ ಇಟ್ಟರೆ ಗೆಲುವು ಸರದಿಯಲ್ಲಿ ಸುತ್ತುತ್ತಿರುವುದು. 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮಿನಲ್ಲಿ ಬಿಡ್ ಒಳಸಂಚು ನೇರವಾಗಿ ನಿಷೇಧ. ಒಂದೇ ಕುರುಹು ಸಿಕ್ಕಿದರೆ ಅದೇ ಅಪರಾಧವಲ್ಲ, ಒಂದೇ ಸೈಬರ್ ಅಂಗಡಿಯಲ್ಲಿ ಇಬ್ಬರೂ ಅಪ್‌ಲೋಡ್ ಮಾಡಿಸಿರಬಹುದು. ಎರಡು ಮೂರು ಒಟ್ಟಿಗೆ ಬಂದರೆ ಬರೆದು ಮೇಲಕ್ಕೆ ಕಳುಹಿಸಿ.

ತಡ ಪಾವತಿಯೂ ದರದೊಳಗೇ ಇದೆ

ಕಂಬಳಿಯ ಹರಾಜಿನ ಮೊದಲನೆಯವರು ತಮ್ಮ 410ಕ್ಕೆ ಹೇಗೆ ಬಂದರು ನೋಡೋಣ. ತಯಾರಕರ ಬೆಲೆ 350. ಪಾಣಿಪತ್‌ನಿಂದ ಕುಶಾಲನಗರಕ್ಕೆ ಲಾರಿ 14. ಹಾಸ್ಟೆಲ್‌ಗಳಿಗೆ ಹಂಚಿಕೆ 8. ತಿರಸ್ಕಾರವಾಗುವ ಮಾಲು ನೂರಕ್ಕೆ ಎರಡು, ಅಂದರೆ 7. ಭದ್ರತಾ ಠೇವಣಿ 5 ಶೇಕಡಾ ಹದಿನೈದು ತಿಂಗಳು ಸಿಕ್ಕಿಕೊಂಡಿದ್ದಕ್ಕೆ ಬಡ್ಡಿ 3. ಕಚೇರಿ ಖರ್ಚು 6. ಬಿಲ್ ಮೂರು ತಿಂಗಳು ತಡವಾಗುತ್ತದೆ ಎಂಬ ಅಂದಾಜಿಗೆ, ವರ್ಷಕ್ಕೆ 12 ಶೇಕಡಾ ಬಡ್ಡಿಯಲ್ಲಿ, 11. ಲಾಭ 11. ಕೂಡಿಸಿ, 410. ಜಿಎಸ್‌ಟಿ ಸೇರಿಸಿ ಹರಾಜಿಗೆ ಇಡುವವರು ಅದನ್ನು ಇದರ ಮೇಲೆ ಹಾಕಿಕೊಳ್ಳಿ. ಸರಬರಾಜುದಾರರೇ, ಈ ಲೆಕ್ಕವನ್ನು ಹಿಂದಿನ ರಾತ್ರಿ ಕಾಗದದ ಮೇಲೆ ಬರೆದು, ಕೊನೆಯ ಸಂಖ್ಯೆಗೆ ಗೆರೆ ಎಳೆದಿಡಿ. ಹರಾಜಿನ ಕಾವಿನಲ್ಲಿ ಆ ಗೆರೆ ದಾಟಿದವರು ಗೆದ್ದು ಸೋಲುತ್ತಾರೆ.

ಅಧಿಕಾರಿಗಳು ನೋಡಬೇಕಾದ್ದು ಆ 11 ರೂಪಾಯಿಯನ್ನು. ಲಾಭದಷ್ಟೇ ಇದೆ. ಎರಡನೆಯವರೂ ಮೂರನೆಯವರೂ ಅದನ್ನು ಸೇರಿಸಿಯೇ ಬಂದಿದ್ದಾರೆ, ಆದ್ದರಿಂದ ಯಾವ ಪೈಪೋಟಿಯೂ ಅದನ್ನು ಕರಗಿಸುವುದಿಲ್ಲ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಕಾಯ್ದೆಗೆ ಹೆದರಿ ಅಲ್ಲದಿದ್ದರೂ, ಮುಂದಿನ ಹರಾಜಿನ ದರಕ್ಕಾಗಿ ಬಿಲ್ ಬೇಗ ಮಾಡಿ. 2017ರ ಫೆಬ್ರುವರಿಯಲ್ಲಿ ಮಧ್ಯಪ್ರದೇಶದ ರೇವಾ ಸೌರ ಯೋಜನೆಯ ಹರಾಜಿನಲ್ಲಿ ಮೊದಲ ವರ್ಷದ ದರ ಯೂನಿಟ್ಟಿಗೆ 2.97 ರೂಪಾಯಿಗೆ ಇಳಿದಾಗ ಎಲ್ಲರೂ ಹರಾಜನ್ನೇ ಹೊಗಳಿದರು. ಪ್ಯಾನೆಲ್ ಬೆಲೆ ಇಳಿದಿತ್ತು ನಿಜ. ಅದರ ಜೊತೆಗೆ ಅಲ್ಲಿ ಜಮೀನು ಸಿದ್ಧವಿತ್ತು, ಕೊಳ್ಳುವವರು ಹಣ ಕೊಡದಿದ್ದರೆ ರಾಜ್ಯ ಸರ್ಕಾರದ ಖಾತರಿ ಇತ್ತು. ಬಿಡ್ಡುದಾರರ ಅಪಾಯ ಕಳೆದದ್ದು ದರದಲ್ಲಿ ಕಂಡಿತು.

ಉಳಿತಾಯದ ವರದಿ ಬರೆಯುವಾಗಲೂ ಎಚ್ಚರ. ಅಂದಾಜು 15 ಲಕ್ಷ, ಹರಾಜಿನ ದರ 11 ಲಕ್ಷ, ಶೇಕಡಾ 26ಕ್ಕೂ ಹೆಚ್ಚು ಉಳಿತಾಯ ಎಂದು ಬರೆಯುತ್ತಾರೆ. ಅಂದಾಜು ಯಾರು ಹಾಕಿದ್ದು? ಅದೇ ವಸ್ತುವನ್ನು ಪಕ್ಕದ ಜಿಲ್ಲೆ 10.8 ಲಕ್ಷದ ಲೆಕ್ಕದಲ್ಲಿ ಕೊಂಡಿದ್ದರೆ ನೀವು ಉಳಿಸಿದ್ದಲ್ಲ, ಹೆಚ್ಚು ಕೊಟ್ಟಿದ್ದೀರಿ. ಕಳೆದ ಖರೀದಿಯ ದರ, ಪಕ್ಕದ ಜಿಲ್ಲೆಗಳ ದರ, ಅಂಗಡಿಯ ದರ, ಈ ಮೂರರ ಪಕ್ಕ ಹರಾಜಿನ ದರ ಇಟ್ಟು ನೋಡಿ.

ದರ ಅತಿ ಕಡಿಮೆ ಬಂದರೆ ಖುಷಿಪಡುವ ಮೊದಲು ವಿವರ ಕೇಳಿ: ಕಚ್ಚಾ ಮಾಲು ಎಷ್ಟು, ಸಾಗಣೆ ಎಷ್ಟು, ತೆರಿಗೆ ಎಷ್ಟು. ಉತ್ತರ ಬರಹದಲ್ಲಿರಲಿ. ಹಳೆಯ ದಾಸ್ತಾನು ಖಾಲಿ ಮಾಡಲು ಇಳಿಸಿದ್ದರೆ ಅದು ಸರಿಯಾದ ಕಾರಣ. ಉತ್ತರವೇ ಬಾರದಿದ್ದರೆ ಅಲ್ಲಿ ಅಪಾಯವಿದೆ.

ಕಾಲಪಟ್ಟಿ, ಮತ್ತು ಸಭೆಯಲ್ಲಿ ಬಂದ ಎರಡು ಪ್ರಶ್ನೆ

ಮಳೆಗಾಲದ ಸಾಮಗ್ರಿ ಮೇ ಕೊನೆಗೆ ಉಗ್ರಾಣದಲ್ಲಿರಬೇಕಾದರೆ ಆದೇಶ ಏಪ್ರಿಲ್ ಮಧ್ಯಕ್ಕೆ ಹೋಗಬೇಕು. ಹಾಗಾದರೆ ಹರಾಜು ಮಾರ್ಚ್ ಮೊದಲ ವಾರ, ವಿವರಣೆ ಡಿಸೆಂಬರ್‌ನಲ್ಲೇ ಸಿದ್ಧ. ಮಾರ್ಚ್ ಕೊನೆಯ ಹತ್ತು ದಿನ ಬಿಡಿ. ಅನುದಾನ ಮುಗಿಸುವ ಅವಸರದಲ್ಲಿ ರಾಜ್ಯದ ಎಲ್ಲ ಕಚೇರಿಗಳೂ ಒಟ್ಟಿಗೆ ಕೊಳ್ಳಲು ಇಳಿಯುತ್ತವೆ, ಆಗ ಇಳಿಸುವ ಅಗತ್ಯ ಮಾರುವವರಿಗಿಲ್ಲ. 2018ರ ಆಗಸ್ಟ್‌ನ ಮಳೆ, ಭೂಕುಸಿತದಂಥ ದಿನ ಬಂದರೆ ಹರಾಜಿಗೆ ಸಮಯವೇ ಇರುವುದಿಲ್ಲ. ಸರ್ಕಾರ ಘೋಷಿಸಿದ ಪ್ರಕೃತಿ ವಿಕೋಪದ ಅವಧಿಗೆ ಕೆಟಿಪಿಪಿಯ 4(ಎ)ಯಲ್ಲಿ ವಿನಾಯಿತಿ ಇದೆ, ಆದರೆ ಅವಸರದ ದರ ದುಬಾರಿ. ಬೇಸಿಗೆಯಲ್ಲೇ ಹರಾಜು ಮಾಡಿ, ಬೇಕಾದಾಗ ಬೇಕಾದಷ್ಟು ತರಿಸುವ ದರ ಒಪ್ಪಂದ ಇದ್ದರೆ ಆ ದಿನ ಒಂದು ಪತ್ರದಲ್ಲಿ ಕೆಲಸವಾಗುತ್ತದೆ.

ಒಬ್ಬರು ಕೇಳಿದರು, ಇಬ್ಬರೇ ಅರ್ಹರಾದರೆ ಹರಾಜು ಮಾಡಬೇಕೇ ಎಂದು. ನಿಯಮ ಅವಕಾಶ ಕೊಟ್ಟರೂ ಅದರಿಂದ ಸಿಗುವುದು ಕಡಿಮೆ. ಎದುರಿಗೆ ಒಬ್ಬರೇ ಎಂದು ಇಬ್ಬರಿಗೂ ಅಂದಾಜು ಸಿಕ್ಕಿರುತ್ತದೆ. ಕನಿಷ್ಠ ಎಷ್ಟು ಜನ ಅರ್ಹರಾದರೆ ಹರಾಜು, ಇಲ್ಲದಿದ್ದರೆ ಮುಚ್ಚಿದ ದರದ ಮೇಲೆಯೇ ತೀರ್ಮಾನ ಎಂದು ಟೆಂಡರಿನಲ್ಲೇ ಬರೆಯಿರಿ. ಮೂರು ಎಂದಿಡುವುದು ರೂಢಿ.

ಇನ್ನೊಂದು ಪ್ರಶ್ನೆ, ಗೆದ್ದವರು ಹಿಂದೆ ಸರಿದರೆ ಎಲ್2ಗೆ, ಅಂದರೆ ದರದಲ್ಲಿ ಎರಡನೆಯವರಿಗೆ, ಕೊಡಬಹುದೇ? ಕೇಂದ್ರದ ಕಚೇರಿಗಳಿಗೆ ಕೇಂದ್ರ ಜಾಗೃತ ಆಯೋಗ 2007ರ ಮಾರ್ಚ್‌ನ ಸುತ್ತೋಲೆಯಲ್ಲೇ ಹೇಳಿದೆ: ಎಲ್1 ಹಿಂದೆ ಸರಿದರೆ ಮರು ಟೆಂಡರ್. ಕಾರಣ ಸರಳ. ಎಲ್2ಗೆ ಸಿಗುತ್ತದೆ ಎಂದಾದರೆ ಎಲ್1 ಹಿಂದೆ ಸರಿಯುವುದಕ್ಕೂ ಒಂದು ಬೆಲೆ ಹುಟ್ಟುತ್ತದೆ, ಅದನ್ನು ಎಲ್2 ಕೊಡುತ್ತಾರೆ. ಇಎಂಡಿ ಮುಟ್ಟುಗೋಲು ಹಾಕಿ, ಟೆಂಡರ್ ಷರತ್ತಿನಂತೆ ಅವರನ್ನು ಹೊರಗಿಟ್ಟು ಮತ್ತೆ ಕರೆಯಿರಿ. ಹಾಗೆ ಕರೆಯುವಾಗ, ಓಡಿಹೋದವರ ದರವನ್ನು ಹೊಸ ಅಂದಾಜು ಎಂದು ಹಾಕಬೇಡಿ. ಆ ದರಕ್ಕೆ ಮಾಲು ಬರಲಿಲ್ಲ ಎಂಬುದು ಈಗಾಗಲೇ ಸಾಬೀತಾಗಿದೆ. ಉಳಿದವರು ಎಲ್ಲಿ ನಿಂತಿದ್ದರು ಎಂಬುದು ಪೋರ್ಟಲ್‌ನ ಬಿಡ್ ದಾಖಲೆಯಲ್ಲಿ ಗಂಟೆ ನಿಮಿಷ ಸಮೇತ ಇರುತ್ತದೆ. ಅದರ ಪ್ರತಿ ತೆಗೆದು, ಸಹಿ ಹಾಕಿ, ಹೊಸ ಅಂದಾಜಿನ ಜೊತೆ ಕಡತಕ್ಕೆ ಸೇರಿಸಿ.